ನಬವಿಯಾ ಇಲ್ಲೇ ಮುಂದೆ, ಎಡಕ್ಕೆ

ಕೈರೋದಲ್ಲಿ ಎಲ್ಲಿ ತಿನ್ನಬೇಕು, ಏನು ಕುಡಿಯಬೇಕು, ಏನು ನೋಡಬೇಕು ಎಂದು ಹಿಲ್ಮಿ ಇಪ್ಪತ್ತೆರಡು ವರ್ಷ ವಾರಕ್ಕೊಂದು ಅಂಕಣ ಬರೆದ. ಆ ಇಪ್ಪತ್ತೆರಡು ವರ್ಷದಲ್ಲಿ ಅವನು ಎದ್ದು ಹೋಗಿ ತಿಂದದ್ದು, ಕುಡಿದದ್ದು, ನೋಡಿದ್ದು ಎಲ್ಲ ಸೇರಿಸಿದರೂ ಎರಡು ಅಂಕಣಕ್ಕೆ ಸಾಲದು. ಬಾಬ್ ಅಲ್-ಲೂಕ್‌ನ ಒಂದು ಹಳೆಯ ಕಾಫಿ ಅಂಗಡಿಯಲ್ಲಿ ಕಿಟಕಿ ಪಕ್ಕದ ಮೇಜು ಅವನದು. ಬೆಳಗ್ಗೆ ಹತ್ತಕ್ಕೆ ಬಂದು ಕೂತು, ಹುಕ್ಕಾದ ನಳಿಗೆ ಬಾಯಿಗಿಟ್ಟು, ಒಳಗೆ ಬಂದವರನ್ನೆಲ್ಲ ವಿಚಾರಿಸುತ್ತಿದ್ದ: ನಿನ್ನೆ ಎಲ್ಲಿ ಉಂಡೆ, ಏನು ಉಂಡೆ, ಆಮೇಲೆ ಹೊಟ್ಟೆ ಹೇಗಿತ್ತು. ಮೂರು ಜನ ಒಂದೇ ಅಂಗಡಿ ಹೊಗಳಿದರೆ ಬರೆಯುತ್ತಿದ್ದ. ಮೂವರಲ್ಲಿ ಇಬ್ಬರಿಗೆ ಹೊಟ್ಟೆ ಕೆಟ್ಟಿದ್ದರೆ ಬಿಡುತ್ತಿದ್ದ. ಒಬ್ಬನಿಗೆ ಮಾತ್ರ ಕೆಟ್ಟಿದ್ದರೆ ಅದು ಅವನ ಹೊಟ್ಟೆಯ ದೋಷ.

ಪಿರಮಿಡ್ಡುಗಳ ಬಗ್ಗೆ ವರ್ಷಕ್ಕೊಮ್ಮೆ ಬರೆಯಲೇಬೇಕಿತ್ತು. ‘ಬೆಳಗ್ಗೆ ಬೇಗ ಹೋಗಿ. ಅವಸರವೇನಿಲ್ಲ, ಅವು ನಾಲ್ಕೂವರೆ ಸಾವಿರ ವರ್ಷದಿಂದ ಅಲ್ಲೇ ಇವೆ. ಒಂಟೆಯವನೂ ಅಲ್ಲೇ ಇರುತ್ತಾನೆ. ಹತ್ತಿಸುವಾಗ ಅವನು ಹೇಳುವ ಮಾತು ಬೇರೆ, ಇಳಿಸುವಾಗ ಹೇಳುವ ಮಾತು ಬೇರೆ.’ ಇದನ್ನೇ ಹಿಂದುಮುಂದು ಮಾಡಿ ಹಲವು ವರ್ಷ ತಳ್ಳಿದ. ಓದುಗರು ದೂರಲಿಲ್ಲ, ಪಿರಮಿಡ್ಡುಗಳೂ ದೂರಲಿಲ್ಲ.

‘ನೈಲ್ ದಂಡೆ’ ಎಂಬ ಆ ವಾರಪತ್ರಿಕೆಯನ್ನು ಹೋಟೆಲುಗಳಲ್ಲಿ ಹಾಸಿಗೆಯ ಪಕ್ಕ ಇಡುತ್ತಿದ್ದರು. ಜೇಬಿನಲ್ಲಿ ನಕ್ಷೆ ಹೊತ್ತು ತಿರುಗುವ ಫೋನು ಇನ್ನೂ ಬಂದಿರದ ಕಾಲ. ನಿದ್ದೆ ಬಾರದವರು ಅದನ್ನು ಓದಿ, ಬೆಳಗ್ಗೆ ಎದ್ದು ಹಿಲ್ಮಿ ಹೇಳಿದ ಕಡೆ ಹೋಗಿ ತಿನ್ನುತ್ತಿದ್ದರು. ಹಿಲ್ಮಿಗೆ ಬೇರೆ ಕಸುಬು ಬರುತ್ತಿರಲಿಲ್ಲ. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಆ ಅಂಕಣ ಹೋದರೆ ಕಿಟಕಿ ಪಕ್ಕದ ಮೇಜಿನಲ್ಲಿ ಅವನು ಬರೀ ಒಬ್ಬ ಐವತ್ತೊಂದು ವರ್ಷದ ಗಿರಾಕಿ.

ಆ ವರ್ಷ ಏಪ್ರಿಲ್‌ನಲ್ಲಿ ಮರುಭೂಮಿಯಿಂದ ಖಮಾಸೀನ್ ಗಾಳಿ ಎದ್ದಿತು. ಐದು ದಿನ ಊರಿನ ಮೇಲೆ ಮಣ್ಣು ಸುರಿಯಿತು. ಆಕಾಶ ಅರಿಶಿನ ಕದಡಿದ ನೀರಿನ ಬಣ್ಣಕ್ಕೆ ತಿರುಗಿತು. ಜನ ಬಾಗಿಲ ಸಂದಿಗೆ ಒದ್ದೆ ಬಟ್ಟೆ ತುರುಕಿ ಮನೆಯಲ್ಲೇ ಕೂತರು. ಕಾಫಿ ಅಂಗಡಿಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಇದ್ದವನು ಒಬ್ಬ, ಅಂಗಡಿಯ ಪರಿಚಾರಕ ಶಹಾತಾ. ಅವನು ಹೆಂಡತಿಯ ಕೈ ಅಡುಗೆ ಬಿಟ್ಟು ಬೇರೆ ಏನನ್ನೂ ತಿಂದವನಲ್ಲ, ಅದನ್ನೂ ಹೊಗಳಿದವನಲ್ಲ. ಅಂಕಣ ಕೊಡಬೇಕಾದ ಗಂಟೆ ಹತ್ತಿರ ಬಂತು. ಕೇಳಲು ಯಾರೂ ಇಲ್ಲದೆ ಹಿಲ್ಮಿ ಮೊದಲ ಸಲ ಇಲ್ಲದ ಅಂಗಡಿಯೊಂದನ್ನು ಬರೆದ.

ಸಯ್ಯಿದಾ ಝೈನಬ್ ಬಡಾವಣೆ, ಹಳೆಯ ಅರವಟ್ಟಿಗೆಯ ಹಿಂದಿನ ಸಂದಿ. ಆ ಬಡಾವಣೆಯಲ್ಲಿ ಹಳೆಯ ಅರವಟ್ಟಿಗೆಗಳಿಗೂ ಸಂದಿಗಳಿಗೂ ಲೆಕ್ಕವಿಲ್ಲ, ಆದ್ದರಿಂದ ಅದು ಸುರಕ್ಷಿತ ವಿಳಾಸ. ಅಲ್ಲಿ ಒಬ್ಬ ಹೆಂಗಸು ತಳ್ಳುಗಾಡಿಯಲ್ಲಿ ಫೂಲ್ ಎಂಬ ಬೇಯಿಸಿದ ಕಾಳು ಮಾರುತ್ತಾಳೆ. ದೊಡ್ಡ ಕಾಳು ರಾತ್ರಿಯೆಲ್ಲ ಬೂದಿಯ ಬಿಸಿಯಲ್ಲಿ ಬೆಂದಿರುತ್ತದೆ. ಜೀರಿಗೆ ಆಗಲೇ ಹುರಿದು ಅಂಗೈಯಲ್ಲೇ ತಿಕ್ಕಿ ಉದುರಿಸುತ್ತಾಳೆ. ಮೊಟ್ಟೆ ಈರುಳ್ಳಿ ಸಿಪ್ಪೆಯ ಜೊತೆ ಬೆಂದು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಕೇಳದೆಯೇ ಎರಡನೆಯ ರೊಟ್ಟಿ ಕೊಟ್ಟು, ಬೇಡವೆಂದರೆ ಬೈಯುತ್ತಾಳೆ. ಅವಳ ಹೆಸರು ನಬವಿಯಾ.

ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಏಕೆಂದರೆ ಅದರಲ್ಲಿ ಗಾಡಿ ಮತ್ತು ಸಂದಿ ಮಾತ್ರ ಸುಳ್ಳು. ನಬವಿಯಾ ಹಿಲ್ಮಿಯ ತಾಯಿ. ತೀರಿಕೊಂಡು ಹದಿನಾರು ವರ್ಷವಾಗಿತ್ತು. ಶುಕ್ರವಾರದ ಬೆಳಗಿನ ಅವಳ ಫೂಲ್ ಅನ್ನೇ ಅವನು ಬರೆದಿದ್ದ. ಒಂದು ಗುಟ್ಟು ಮಾತ್ರ ಬರೆಯದೆ ಉಳಿಸಿಕೊಂಡ. ಅವಳು ನಿಂಬೆಹಣ್ಣನ್ನು ಇಡಿಯಾಗಿ ಕೆಂಡದ ಮೇಲಿಟ್ಟು, ಸಿಪ್ಪೆ ಕರ್ರಗಾಗುವವರೆಗೆ ಸುಟ್ಟು, ಆಮೇಲೆ ಹಿಂಡುತ್ತಿದ್ದಳು. ಅದನ್ನು ಹೋಟೆಲಿನಲ್ಲಿ ನಿದ್ದೆ ಬಾರದವರಿಗೆ ಹೇಳಲು ಅವನಿಗೆ ಮನಸ್ಸಾಗಲಿಲ್ಲ.

ಹೆಸರು ಬರೆಯಲು ಹೆದರಿಕೆಯಾಗಲಿಲ್ಲ, ಏಕೆಂದರೆ ಆ ಹೆಸರು ಯಾರಿಗೂ ಗೊತ್ತಿರಲಿಲ್ಲ. ಆ ಊರಿನಲ್ಲಿ ಗಂಡಸು ತಾಯಿಯ ಹೆಸರನ್ನು ಹೊರಗೆ ಬಿಡುವುದಿಲ್ಲ. ಜೇಬು ತೋರಿಸುತ್ತಾನೆ, ಜಾತಕ ಬಿಚ್ಚುತ್ತಾನೆ, ಮೂಲವ್ಯಾಧಿಯನ್ನೂ ಕಾಫಿ ಅಂಗಡಿಯಲ್ಲಿ ಚರ್ಚಿಸುತ್ತಾನೆ, ತಾಯಿಯ ಹೆಸರು ಕೇಳಿದರೆ ಮಾತ್ರ ಹೊಡೆಯಲು ಕೈ ಎತ್ತುತ್ತಾನೆ. ಶಾಲೆಯಲ್ಲಿ ಒಬ್ಬನ ತಾಯಿಯ ಹೆಸರು ಉಳಿದ ಹುಡುಗರಿಗೆ ಗೊತ್ತಾಯಿತೆಂದರೆ ಅವನ ಕಥೆ ಮುಗಿಯಿತು, ಗೇಟಿನಿಂದ ತರಗತಿಯವರೆಗೆ ಅದನ್ನೇ ರಾಗವಾಗಿ ಹಾಡುತ್ತಾರೆ. ಹಿಲ್ಮಿ ಹುಟ್ಟಿದ ದಿನದಿಂದ ಅವಳು ಎಲ್ಲರಿಗೂ ‘ಹಿಲ್ಮಿಯ ಅಮ್ಮ’. ಗಂಡನಾದವನೂ ಹಾಗೇ ಕರೆದ. ಹಿಲ್ಮಿ ಆ ಹೆಸರನ್ನು ಬಾಯಿಬಿಟ್ಟು ಒಮ್ಮೆಯೂ ಹೇಳಿರಲಿಲ್ಲ.

ಅಂಕಣ ಅಚ್ಚಾಗಿ ಮೂರು ವಾರಕ್ಕೆ ಸಂಪಾದಕಿ ಇಗ್ಲಾಲ್ ಮೇಡಂ ಅವನನ್ನು ಕರೆಸಿದರು. ಅರವತ್ತು ದಾಟಿದ ದಪ್ಪನೆಯ ಹೆಂಗಸು. ಸಿಗರೇಟು ತುಟಿಯಿಂದ ತೆಗೆಯದೆಯೇ ಮಾತಾಡುತ್ತಿದ್ದರು, ಬೂದಿ ಎಲ್ಲಿ ಬೀಳಬೇಕೋ ಅಲ್ಲಿ ಬೀಳುತ್ತಿತ್ತು. ಮೇಜಿನ ಮೇಲೆ ಎರಡು ಪತ್ರಗಳಿದ್ದವು.

“ಇದು ಅಲೆಕ್ಸಾಂಡ್ರಿಯಾದ ರಿಟೈರ್ಡ್ ಜಡ್ಜು ಬರೆದಿದ್ದು,” ಎಂದರು. “ನಬವಿಯಾಳ ಫೂಲ್ ತಿಂದ್ರಂತೆ. ತುಂಬಾ ಚೆನ್ನಾಗಿತ್ತಂತೆ. ಟೀ ಮಾತ್ರ ತಣ್ಣಗಿತ್ತಂತೆ.”

ಹಿಲ್ಮಿ ಕುರ್ಚಿಯ ಕೈ ಗಟ್ಟಿಯಾಗಿ ಹಿಡಿದುಕೊಂಡ.

“ಇದು ಜರ್ಮನಿಯಿಂದ ಬಂದ ಒಬ್ಬ ಟೀಚರಮ್ಮನದು. ಹನ್ನೊಂದು ಜನರನ್ನ ಕೇಳಿದಾಳೆ. ಹನ್ನೊಂದು ಜನ ಹನ್ನೊಂದು ಕಡೆ ಕಳಿಸಿದಾರೆ. ಅಂಗಡಿ ಸಿಗಲಿಲ್ವಂತೆ. ನಕ್ಷೆ ಬೇರೆ ಬರೆದು ಕಳಿಸಿದಾಳೆ, ಗೆರೆ ಎಷ್ಟು ನೆಟ್ಟಗಿದೆ ನೋಡು. ಈಗ ನಾನು ಯಾರನ್ನ ನಂಬಲಿ?”

“ಜಡ್ಜು ಅಂದ್ರೆ ಜಡ್ಜು, ಮೇಡಂ.”

“ನನ್ನ ತಮ್ಮನೂ ಜಡ್ಜೇ, ನಾನು ಅವನನ್ನ ನಂಬಲ್ಲ. ನಿನಗಿಂತ ಮುಂಚೆ ಈ ಅಂಕಣ ಬರೀತಿದ್ದವನು ಬಾಗಿಲು ಹಾಕಿ ಎರಡು ವರ್ಷ ಆಗಿದ್ದ ಹೋಟೆಲನ್ನ ಹೊಗಳಿದ್ದ. ಅವತ್ತು ಸಾಯಂಕಾಲದ ಹೊತ್ತಿಗೆ ಅವನ ಮೇಜು ಖಾಲಿ ಮಾಡಿಸ್ದೆ. ಏಳು, ಹೋಗೋಣ.”

“ಎಲ್ಲಿಗೆ?”

“ನಬವಿಯಾ ಹತ್ರ. ನಂಗೆ ಹಸಿವಾಗಿದೆ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಹಿಲ್ಮಿ ಎದ್ದ. ಟ್ಯಾಕ್ಸಿಯಲ್ಲಿ ನಾಲ್ಕು ನೆಪ ಹುಡುಕಿದ. ಇಂದು ಅವಳಿಗೆ ರಜಾ ಇರಬಹುದು ಎಂದ. ಇವತ್ತು ಯಾವ ರಜಾ, ಎಂದರು ಮೇಡಂ. ಗಾಳಿಯಿದೆ, ನಿಮ್ಮ ಎದೆಗೆ ಒಳ್ಳೆಯದಲ್ಲ ಎಂದ. ಮೇಡಂ ಇನ್ನೊಂದು ಸಿಗರೇಟು ಹಚ್ಚಿದರು. ಸಯ್ಯಿದಾ ಝೈನಬ್ ಮಸೀದಿಯ ಮುಂದೆ ಇಳಿದಾಗ ಗಾಳಿಯಲ್ಲಿ ಮಣ್ಣು ಇನ್ನೂ ಇತ್ತು, ಹಲ್ಲಿನಡಿ ಕರಕರ ಎನ್ನುತ್ತಿತ್ತು.

“ಸಂದಿ ಎಲ್ಲಿ?”

“ಅದು… ಆ ಸಲ ನಾನು ಬೇರೆ ಕಡೆಯಿಂದ ಬಂದಿದ್ದೆ, ಮೇಡಂ.”

“ಸರಿ, ಕೇಳು.”

ಮೂಲೆಯಲ್ಲಿ ಕಬ್ಬಿನ ಹಾಲಿನ ಅಂಗಡಿ. ಹಿಲ್ಮಿ ಹೋಗಿ, ಕೆಮ್ಮಿ, “ಇಲ್ಲಿ ಒಬ್ರು ಫೂಲ್ ಮಾರೋ ಹೆಂಗಸು…” ಎಂದ.

“ಯಾವ ಹೆಂಗಸು, ಉಸ್ತಾದ್? ಫೂಲ್ ಮಾರೋರು ಇಲ್ಲಿ ಮೂವತ್ತು ಜನ ಇದಾರೆ.”

“ಅವಳಿಗೊಂದು ಹೆಸರಿಲ್ವಾ?” ಎಂದರು ಹಿಂದಿನಿಂದ ಮೇಡಂ. “ಹೇಳಪ್ಪ.”

ಹಿಲ್ಮಿ ಅತ್ತ ಇತ್ತ ನೋಡಿದ. ರಸ್ತೆ ತುಂಬ ಜನ. ಶಾಲೆಯ ಗೇಟಿನಲ್ಲಿ ನಿಂತ ಹಾಗೆ ಕಿವಿ ಬಿಸಿಯಾಯಿತು. “ನಬವಿಯಾ,” ಎಂದ.

“ನಬವಿಯಾನಾ? ಅದನ್ನ ಮೊದಲೇ ಹೇಳಬಾರದಾ?” ಕಬ್ಬಿನವನು ಗಾಣದಿಂದ ಕೈ ತೆಗೆಯದೆ ಗದ್ದದಿಂದಲೇ ದಾರಿ ತೋರಿಸಿದ. “ಇಲ್ಲೇ ಮುಂದೆ, ಎಡಕ್ಕೆ. ನಾನು ಬೆಳಗ್ಗೆ ಅವಳ ಕೈಯಲ್ಲೇ ತಿಂದು ಬಂದೆ.”

ಇಲ್ಲಿ ಒಂದು ವಿಷಯ ಹೇಳಿಬಿಡಬೇಕು. ಕೈರೋದಲ್ಲಿ ದಾರಿ ಕೇಳಿದವನಿಗೆ ‘ನನಗೆ ಗೊತ್ತಿಲ್ಲ’ ಎಂದು ಹೇಳಿದವನು ಇನ್ನೂ ಹುಟ್ಟಿಲ್ಲ. ಗೊತ್ತಿಲ್ಲ ಎಂದರೆ ಬಂದವನನ್ನು ಬರಿಗೈಯಲ್ಲಿ ಕಳಿಸಿದ ಹಾಗೆ. ಮನೆಗೆ ಬಂದವನಿಗೆ ನೀರು ಕೊಡದಷ್ಟು ದೊಡ್ಡ ಅವಮಾನ ಅದು. ಹಾಗಾಗಿ ಏನಾದರೊಂದು ಕೊಡುತ್ತಾರೆ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನವಲ್ಲ ಇವರು, ಕರುವಿನ ಬಣ್ಣವನ್ನೂ ಹೇಳುವವರು. ಹಿಲ್ಮಿಯೂ ಅದೇ ಊರಿನವನು. ಜೀವಮಾನವಿಡೀ ಸಾವಿರಾರು ಜನರನ್ನು ಕೈತೋರಿಸಿ ದಾರಿ ತಪ್ಪಿಸಿದವನು. ಆದರೂ ಕಬ್ಬಿನವನ ಮಾತು ಕೇಳಿ ಅವನು ಕತ್ತು ಚಾಚಿ ಎಡಕ್ಕೆ ನೋಡಿದ. ಬೆಳಗ್ಗೆ ಅವಳ ಕೈಯಲ್ಲೇ ತಿಂದು ಬಂದನಂತೆ.

ಮೇಡಂ ಎರಡು ಲೋಟ ಕಬ್ಬಿನ ಹಾಲು ಕುಡಿದರು. ಕೈಚೀಲದಿಂದ ಪುಟ್ಟ ಪುಸ್ತಕ ತೆಗೆದು ಏನೋ ಬರೆದುಕೊಂಡರು. “ಸಾಕ್ಷಿ ಒಂದು,” ಎಂದರು.

ಮುಂದೆ ಎಡಕ್ಕೆ ಹೋದರೆ ಒಂದು ಟಯರು ರಿಪೇರಿ ಅಂಗಡಿಯೂ ಎರಡು ಮೇಕೆಯೂ ಇದ್ದವು. ಅಡ್ಡರಸ್ತೆಯ ಪೊಲೀಸಿನವನನ್ನು ಕೇಳಿದರು. ಅವನ ಬಿಳಿ ಸಮವಸ್ತ್ರ ಧೂಳಿನಿಂದ ಚಹಾದ ಬಣ್ಣಕ್ಕೆ ತಿರುಗಿತ್ತು.

“ನಬವಿಯಾ ಬಲಕ್ಕೆ, ಉಸ್ತಾದ್.”

“ಕಬ್ಬಿನವನು ಎಡಕ್ಕೆ ಅಂದ,” ಎಂದರು ಮೇಡಂ.

“ಅವನು ಆ ಕಡೆ ಮುಖ ಮಾಡಿ ನಿಂತಿರ್ತಾನೆ, ನಾನು ಈ ಕಡೆ. ಅವನ ಎಡ ನನ್ನ ಬಲ. ಅವಳು ಮಾತ್ರ ಇದ್ದಲ್ಲೇ ಇದ್ದಾಳೆ, ಮೇಡಂ.”

ಬಲಕ್ಕೆ ತಿರುಗಿದಲ್ಲಿ ಇಸ್ತ್ರಿಯವನ ಗೂಡು. ಅವನು ಬಾಯಲ್ಲಿ ನೀರು ತುಂಬಿಕೊಂಡು ಅಂಗಿಯ ಮೇಲೆ ಫುರ್ರನೆ ಉಗುಳಿ ತಿಕ್ಕುತ್ತಿದ್ದ. ಹೆಸರು ಕೇಳಿ ನೀರು ನುಂಗಿಬಿಟ್ಟ.

“ನಬವಿಯಾ ನಂಗೆ ಗೊತ್ತಿಲ್ದೆ ಇರ್ತಾಳಾ? ಅವಳ ಮಗನ ಅಂಗಿ ಇಸ್ತ್ರಿ ಮಾಡೋದೇ ನಾನು.”

ಹಿಲ್ಮಿಗೆ ತಡೆಯಲಾಗಲಿಲ್ಲ. “ಅವಳಿಗೆ ಮಗ ಇದಾನಾ? ಹೇಗಿದಾನೆ?”

“ಕೇಳಬೇಡಿ, ಉಸ್ತಾದ್. ಶುದ್ಧ ಸೋಮಾರಿ. ತಾಯಿ ಒಲೆ ಮುಂದೆ ಬೇಯ್ತಾ ಇರ್ತಾಳೆ, ಇವನು ಕಾಫಿ ಅಂಗಡೀಲಿ ಕೂತು ಹುಕ್ಕಾ ಸೇದ್ತಾ ಇರ್ತಾನೆ. ಕೊರಳಪಟ್ಟಿ ಮಾತ್ರ ಗಟ್ಟಿ ನಿಲ್ಲಬೇಕು ಅವನಿಗೆ.”

ಹಿಲ್ಮಿ ತನ್ನ ಕೊರಳಪಟ್ಟಿ ಮುಟ್ಟಿಕೊಂಡ. ಮೇಡಂ ನಗು ತಡೆದು ಸಿಗರೇಟಿನ ಹೊಗೆ ಮೂಗಿಗೆ ಏರಿ ಕೆಮ್ಮಿದರು. ಇಸ್ತ್ರಿಯವನು ತನ್ನ ಪಾಲಿನ ಬಿಸಿ ತಾಮಿಯಾದಲ್ಲಿ, ಅಂದರೆ ಅದೇ ಕಾಳನ್ನು ಸೊಪ್ಪಿನ ಜೊತೆ ರುಬ್ಬಿ ಕರಿದ ವಡೆಯಲ್ಲಿ, ಎರಡು ತೆಗೆದು ಬಲವಂತವಾಗಿ ಕೊಟ್ಟ. ಮೇಡಂ ತಿಂದು, ಎಲ್ಲಿಂದ ತಂದದ್ದೆಂದು ಕೇಳಿ, ಅದನ್ನೂ ಬರೆದುಕೊಂಡರು. ಆ ಪ್ರಶ್ನೆಗೆ ಅವನು ಹೇಳಿದ ದಾರಿ ಮಾತ್ರ ಸರಿಯಾಗಿತ್ತು.

ಅವನು ಕಳಿಸಿದ್ದು ಇಬ್ನ್ ತುಲೂನ್ ಮಸೀದಿಯ ಕಡೆಗೆ. ಹಿಲ್ಮಿ ಈ ಮಸೀದಿಯ ಬಗ್ಗೆ ಒಂಬತ್ತು ಸಲ ಬರೆದಿದ್ದ, ಒಳಗೆ ಕಾಲಿಟ್ಟಿರಲಿಲ್ಲ. ಬಾಗಿಲ ಮುದುಕ ಅವರ ಪಾದರಕ್ಷೆಗೆ ಬಟ್ಟೆಯ ಚೀಲ ಕಟ್ಟುತ್ತಾ, ನಬವಿಯಾಳ ಹೆಸರು ಕೇಳಿ ಆಕಾಶ ತೋರಿಸಿದ.

“ಮಿನಾರು ಹತ್ತಿ. ಮೇಲಿಂದ ಅವಳ ಒಲೆ ಹೊಗೆ ಕಾಣತ್ತೆ.”

ಮೇಡಂ ಹತ್ತಿದರು. ಹೊರಗಿನಿಂದ ಸುತ್ತಿಕೊಂಡು ಹೋಗುವ ಆ ಮೆಟ್ಟಿಲುಗಳಲ್ಲಿ ನಾಲ್ಕು ಕಡೆ ಕೂತರು, ಎರಡು ಕಡೆ ಹಿಲ್ಮಿಯ ವಂಶವನ್ನೆಲ್ಲ ಬೈದರು. ಮೇಲೆ ನಿಂತರೆ ಕೆಳಗೆ ಇಡೀ ಊರು ಹಳದಿ ಧೂಳಿನಲ್ಲಿ ಮುಳುಗಿತ್ತು. ಗುಮ್ಮಟಗಳು, ಮಾಳಿಗೆಯ ಪಾರಿವಾಳದ ಗೂಡುಗಳು, ಒಣಹಾಕಿದ ಬಟ್ಟೆ, ಎಲ್ಲವೂ ಒಂದೇ ಬಣ್ಣ. ಎಷ್ಟೋ ಮನೆಗಳಿಂದ ಹೊಗೆ ಏಳುತ್ತಿತ್ತು.

“ಇದ್ರಲ್ಲಿ ಅವಳದು ಯಾವುದು?” ಎಂದರು ಮೇಡಂ ಏದುಸಿರು ಬಿಡುತ್ತಾ.

ಹಿಲ್ಮಿ ನೋಡಿದ. ಸುಳ್ಳೆಂದು ಗೊತ್ತಿದ್ದರೂ ನೋಡಿದ. ಒಂದೊಂದು ಹೊಗೆಯನ್ನೂ ಬಿಡದೆ ನೋಡಿ, “ಆ ಮೂಲೆಯದು ಇರಬಹುದು,” ಎಂದ.

ಇಳಿದು ಬಂದಾಗ ಮೂರು ಗಂಟೆ. ಕೊಶರಿ ಅಂಗಡಿಯೊಂದಕ್ಕೆ ನುಗ್ಗಿದರು. ಅನ್ನ, ಬೇಳೆ, ಶಾವಿಗೆ, ಟೊಮೆಟೊ ಸಾರು, ಮೇಲೆ ಕರಿದ ಈರುಳ್ಳಿ. ಮೇಡಂ ಮಾತಿಲ್ಲದೆ ಒಂದು ಬಟ್ಟಲು ಮುಗಿಸಿ ಎರಡನೆಯದಕ್ಕೆ ಕೈ ಹಾಕಿದರು. ಅಂಗಡಿಯವನು ಲೋಹದ ಸೌಟಿನಿಂದ ತಟ್ಟೆಯ ಅಂಚಿಗೆ ಟಣ್ ಟಣ್ ಎಂದು ಬಡಿಯುತ್ತಾ, “ನಬವಿಯಾ ಅಲ್ವಾ? ಪಕ್ಕದ ಸಂದೀದೇ,” ಎಂದ. “ನಿಂಬೆಹಣ್ಣು ತರೋಕೆ ಮಾರ್ಕೆಟ್ಟಿಗೆ ಹೋದ್ಲು. ಈಗ ಬಂದುಬಿಡ್ತಾಳೆ, ಕೂತ್ಕೊಳಿ.”

ನಿಂಬೆಹಣ್ಣಿನ ಮಾತು ಅಂಕಣದಲ್ಲಿ ಇರಲಿಲ್ಲ.

ಫೂಲ್‌ಗೆ ನಿಂಬೆ ಎಲ್ಲರೂ ಹಿಂಡುತ್ತಾರೆ, ಅದರಲ್ಲಿ ವಿಶೇಷವಿಲ್ಲ ಎಂಬುದು ಹಿಲ್ಮಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಬಾಗಿಲ ಕಡೆ ತಿರುಗಿ ಕೂತ. ಕರಿ ಮೆಲಾಯಾ ಹೊದಿಕೆ ಸುತ್ತಿಕೊಂಡು, ತಲೆಯ ಮೇಲೆ ಬುಟ್ಟಿ ಹೊತ್ತು, ಏದುತ್ತಾ ಒಬ್ಬಳು ಬರುತ್ತಾಳೆ. ಬಂದವಳೇ, ಅಂಗಡಿಯಲ್ಲಿ ಯಾಕೆ ತಿನ್ನುತ್ತಿದ್ದೀಯ, ಮನೆಯಲ್ಲಿ ಅಡುಗೆ ಇಲ್ಲವೇ ಎಂದು ಬೈಯುತ್ತಾಳೆ. ಹತ್ತು ನಿಮಿಷ ಹೀಗೆ ಕಲ್ಪಿಸಿಕೊಳ್ಳುತ್ತಾ ಕೂತ. ಕೊಶರಿ ತಣ್ಣಗಾಯಿತು. ಹತ್ತಾರು ಹೆಂಗಸರು ಬಂದು ಹೋದರು.

“ಊಟ ಮಾಡು,” ಎಂದರು ಮೇಡಂ. ಆ ಸಲ ದನಿಯಲ್ಲಿ ಬಿರುಸಿರಲಿಲ್ಲ.

ಪಕ್ಕದ ಸಂದಿಯಲ್ಲಿ ಗಾಡಿ ಇರಲಿಲ್ಲ. ಬೇಕೆಂದೇ ಮಾಡಿದ ಹಾಗೆ ಒಂದು ಹಳೆಯ ಅರವಟ್ಟಿಗೆ ಮಾತ್ರ ಇತ್ತು. ಅದರ ಕಲ್ಲು ಮೆಟ್ಟಿಲ ಮೇಲೆ ನಲವತ್ತೈದರ ಒಬ್ಬ ಹೆಂಗಸು ತಿರ್ಮಿಸ್ ಮಾರುತ್ತಾ ಕೂತಿದ್ದಳು. ಉಪ್ಪುನೀರಿನಲ್ಲಿ ನೆನೆದ ಹಳದಿ ಕಾಳನ್ನು ಕಾಗದದ ಪೊಟ್ಟಣಕ್ಕೆ ಹಾಕಿ ಕೊಡುವುದು ಅವಳ ವ್ಯಾಪಾರ. ಕಾಲು ನೋವು, ಗಾಳಿ, ಬೆಳಗ್ಗಿನಿಂದ ವ್ಯಾಪಾರವಿಲ್ಲ, ಎಲ್ಲ ಅವಳ ಮುಖದಲ್ಲಿ ಬರೆದಿತ್ತು.

“ಏನಮ್ಮ, ನಬವಿಯಾ ಎಲ್ಲಿ?” ಎಂದ ಹಿಲ್ಮಿ. ಈಗ ಹೆಸರು ಹೇಳುವುದು ಅವನಿಗೆ ಅಭ್ಯಾಸವಾಗಿತ್ತು. ಬೆಳಗ್ಗಿನಿಂದ ಇಪ್ಪತ್ತು ಸಲವಾದರೂ ಹೇಳಿದ್ದ.

ಅವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಎರಡು ಮೂರು ವಾರದಿಂದ ಇದೇ ಪ್ರಶ್ನೆ ಕೇಳಿ ಕೇಳಿ ಅವಳಿಗೆ ಸಾಕಾಗಿತ್ತೆಂದು ಕಾಣುತ್ತದೆ. ಮುಂದೆ, ಎಡಕ್ಕೆ, ಬಲಕ್ಕೆ ಎಲ್ಲ ಹೇಳಿ ಮುಗಿದಿತ್ತು. ಇನ್ನು ಉಳಿದಿದ್ದ ಒಂದೇ ಉತ್ತರ ಕೊಟ್ಟಳು.

“ನಬವಿಯಾ ತೀರ್ಕೊಂಡ್ಲಪ್ಪ. ದೇವರು ಅವಳಿಗೆ ಕರುಣೆ ತೋರಲಿ. ಅಂಥ ಕೈ ಇನ್ನು ಹುಟ್ಟಲ್ಲ.”

ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದ ಸುಳ್ಳದು. ಬೆಳಗ್ಗಿನಿಂದ ಊರಿಗೆ ಊರೇ ಹೇಳಿದ ಮಾತುಗಳಲ್ಲಿ ನಿಜವಾದದ್ದೂ ಅದೊಂದೇ. ಹಿಲ್ಮಿ ಮೆಟ್ಟಿಲ ಮೇಲೆ ಕುಸಿದು ಕೂತ. ಹದಿನಾರು ವರ್ಷದ ಹಿಂದೆ ಹೆಣ ಎತ್ತುವಾಗ ಬಾರದ ಅಳು, ಗಂಡಸರ ಸಾಲಿನಲ್ಲಿ ನಿಂತು ಕೈ ಕುಲುಕುವಾಗ ಬಾರದ ಅಳು, ನಡುಬೀದಿಯಲ್ಲಿ, ತಿರ್ಮಿಸ್ ಬುಟ್ಟಿಯ ಪಕ್ಕದಲ್ಲಿ ಬಂತು. ಮುಖದ ಧೂಳಿನ ಮೇಲೆ ಕಣ್ಣೀರು ಇಳಿದು ಕೆಸರಾಯಿತು. ಹೆಂಗಸು ಗಾಬರಿಯಾಗಿ ಒಂದು ಪೊಟ್ಟಣ ತಿರ್ಮಿಸ್ ಅವನ ಕೈಗೆ ತುರುಕಿದಳು. ಮೇಡಂ ಅವನ ಪಕ್ಕ ಕೂರಲು ನೋಡಿ, ಮೆಟ್ಟಿಲು ತಗ್ಗಾಗಿದ್ದರಿಂದ ಅರ್ಧಕ್ಕೆ ಬಿಟ್ಟು, ಅವನ ಭುಜದ ಮೇಲೆ ಕೈಯಿಟ್ಟು ನಿಂತರು.

ಬೀದಿಯ ಕೊನೆಯವರೆಗೆ ನಡೆದ ಮೇಲೆ ಅವನು ಹೇಳಿದ. ಗಾಡಿಯಿಲ್ಲ, ಸಂದಿಯಿಲ್ಲ, ನಬವಿಯಾ ನನ್ನಮ್ಮ. ಬೆಳಗ್ಗೆ ಮೇಜು ಖಾಲಿ ಮಾಡುತ್ತೇನೆ ಎಂದ.

“ಗಾಡಿ ಇಲ್ಲ ಅಂತ ಆ ಪೊಲೀಸಿನವನ ಹೊತ್ತಿಗೇ ಗೊತ್ತಾಯ್ತು,” ಎಂದರು ಮೇಡಂ. “ನಾನೂ ಇದೇ ಊರಲ್ಲಿ ಹುಟ್ಟಿದವಳಲ್ವಾ.”

“ಮತ್ತೆ ಯಾಕೆ ಇಷ್ಟು ನಡೆದ್ರಿ?”

“ಹಸಿವಾಗಿತ್ತು ಅಂತ ಹೇಳಿದ್ನಲ್ಲ.” ಪುಟ್ಟ ಪುಸ್ತಕ ತೆಗೆದು ಅವನ ಎದೆಗೆ ಒತ್ತಿದರು. “ಕಬ್ಬಿನ ಹಾಲು, ತಾಮಿಯಾ, ಮಿನಾರು, ಕೊಶರಿ. ಇಪ್ಪತ್ತೆರಡು ವರ್ಷದಲ್ಲಿ ನೀನು ಮೊದಲ ಸಲ ದುಡಿದಿದೀಯ. ಆ ಮೇಜು ಖಾಲಿ ಮಾಡೋದೇನೋ ಹೌದು, ಆಫೀಸಿನದ್ದಲ್ಲ, ಕಾಫಿ ಅಂಗಡಿಯದು. ಇನ್ಮುಂದೆ ಕಾಲಲ್ಲಿ ನಡೆದು, ಬಾಯಲ್ಲಿ ತಿಂದು ಬರೀಬೇಕು. ಇನ್ನೊಂದು ಸಲ ಇಲ್ಲದ್ದನ್ನ ಬರೆದ್ರೆ ಆ ಮಿನಾರಿಂದ ತಳ್ತೀನಿ. ಮೊದಲು ಒಂದು ತಿದ್ದುಪಡಿ ಬರಿ.”

ತಿದ್ದುಪಡಿ ಮೂರೇ ಸಾಲು. ‘ನಬವಿಯಾಳ ಫೂಲ್ ಇನ್ನು ಸಿಗುವುದಿಲ್ಲ. ಆಕೆ ತೀರಿಕೊಂಡಿದ್ದಾರೆ. ಆಕೆ ಈ ಅಂಕಣಕಾರನ ತಾಯಿ.’ ಕೊನೆಯ ಸಾಲನ್ನು ಮೇಡಂ ಪೆನ್ನಿನ ತುದಿಯಿಂದ ಎರಡು ಸಲ ತಟ್ಟಿ, ಇದು ಇರಲೇಬೇಕಾ ಎಂದು ಕೇಳಿದರು. ಇರಲಿ ಎಂದ ಹಿಲ್ಮಿ.

ಅಚ್ಚಾದ ದಿನ, ಮೇಜು ಬಿಟ್ಟುಕೊಡುವ ಮುಂಚೆ ಕೊನೆಯ ಕಾಫಿಗೆಂದು ಅಂಗಡಿಗೆ ಹೋದ. ಡೊಮಿನೋ ಆಡುತ್ತಿದ್ದವರು ತಲೆ ತಗ್ಗಿಸಿದರು. ಇನ್ನು ಯಾರಾದರೂ ಶಾಲೆಯ ರಾಗ ಎತ್ತುತ್ತಾರೆ ಎಂದು ಹಿಲ್ಮಿ ಕಾದ. ಶಹಾತಾ ತಟ್ಟೆಯನ್ನು ತಲೆಯ ಮೇಲೆತ್ತಿ ಒಳಗೆ ಕೂಗಿದ: “ನಬವಿಯಾಳ ಮಗನಿಗೆ ಒಂದು ಕಾಫಿ, ಸಕ್ಕರೆ ಕಮ್ಮಿ.” ಯಾರೂ ನಗಲಿಲ್ಲ. ಒಬ್ಬೊಬ್ಬರಾಗಿ ಎದ್ದು ಬಂದು ಅವನ ಕೈ ಹಿಡಿದರು.

ಪತ್ರಗಳು ಇಪ್ಪತ್ತಾರು ಬಂದವು. ಅಲೆಕ್ಸಾಂಡ್ರಿಯಾದ ಜಡ್ಜು ಎರಡು ಪುಟ ಬರೆದಿದ್ದರು. ಮೂವತ್ತು ವರ್ಷದಿಂದ ಕೈರೋಗೆ ಬಂದಾಗಲೆಲ್ಲ ಆ ಮಹಾತಾಯಿಯ ಕೈಯಲ್ಲೇ ತಿಂದದ್ದು, ಟೀ ಬಗ್ಗೆ ಹಾಗೆ ಬರೆದದ್ದಕ್ಕೆ ಈಗ ಮನಸ್ಸು ಚುಚ್ಚುತ್ತಿದೆ ಎಂದಿದ್ದರು. ಜರ್ಮನಿಯ ಟೀಚರಮ್ಮ ಮಾತ್ರ ತನ್ನ ನಕ್ಷೆ ಸರಿಯಾಗಿತ್ತೆಂದು ಬರೆದಿದ್ದಳು.

ಎರಡು ತಿಂಗಳ ಮೇಲೆ ಒಂದು ಶುಕ್ರವಾರ ಬೆಳಗ್ಗೆ ಹಿಲ್ಮಿ ಕಾಲಲ್ಲಿ ನಡೆಯುತ್ತಾ ಆ ಅರವಟ್ಟಿಗೆಯ ಸಂದಿಗೆ ಬಂದ. ಅಲ್ಲೊಂದು ತಳ್ಳುಗಾಡಿ ನಿಂತಿತ್ತು. ಹಸಿರು ಬಣ್ಣದಲ್ಲಿ ಬರೆದಿತ್ತು: ‘ಅಸಲಿ ನಬವಿಯಾ ಫೂಲ್. ನಮಗೆ ಬೇರೆ ಶಾಖೆಗಳಿಲ್ಲ.’ ಸುತ್ತ ಹತ್ತು ಹದಿನೈದು ಜನ ನಿಂತು ತಿನ್ನುತ್ತಿದ್ದರು. ಗಾಡಿಯ ಹಿಂದೆ ಸೌಟು ಹಿಡಿದಿದ್ದವಳು ತಿರ್ಮಿಸ್ ಹೆಂಗಸು.

“ಅವತ್ತು ಅತ್ತವರು ನೀವೇ ಅಲ್ವಾ, ಉಸ್ತಾದ್?” ಎಂದಳು. “ಅವಳ ಕೈಯಲ್ಲಿ ತುಂಬಾ ತಿಂದಿದ್ರಿ ಅಂತ ಕಾಣತ್ತೆ.”

“ತುಂಬಾ.”

“ನಮ್ಮಮ್ಮ ಅವಳು,” ಎಂದಳು ಹೆಂಗಸು, ಕಣ್ಣು ಕೂಡ ಮಿಟುಕಿಸದೆ. “ಸಾಯೋ ಮುಂಚೆ ನಂಗೇ ಎಲ್ಲ ಹೇಳ್ಕೊಟ್ಟು ಹೋದ್ಲು.”

ಹಿಲ್ಮಿ ಬಾಯಿ ತೆರೆದ. ಇಲ್ಲದ ಗಾಡಿಯನ್ನು ಹುಟ್ಟಿಸಿದವನು ತಾನು, ಇರುವ ಗಾಡಿ ಇವಳದು. ಯಾರು ಯಾರನ್ನು ಕಳ್ಳ ಎನ್ನುವುದು? ಬಟ್ಟಲು ತೆಗೆದುಕೊಂಡು ತಿಂದ. ಕಾಳು ಚೆನ್ನಾಗಿ ಬೆಂದಿತ್ತು. ಜೀರಿಗೆ ಅಂಗೈಯಲ್ಲೇ ತಿಕ್ಕಿದ್ದು. ಮೊಟ್ಟೆ ಕಂದು ಬಣ್ಣಕ್ಕೆ ಬಂದಿತ್ತು. ಅಂಕಣವನ್ನು ಯಾರೋ ಅವಳಿಗೆ ಓದಿ ಹೇಳಿದ್ದಾರೆ. ಕೇಳದೆ ಎರಡನೆಯ ರೊಟ್ಟಿಯೂ ಬಂತು.

“ಹೇಗಿದೆ?”

“ನಿಂಬೆ,” ಎಂದ ಹಿಲ್ಮಿ, ಪಕ್ಕದವರಿಗೆ ಕೇಳಿಸದ ಹಾಗೆ. “ನಿಂಬೆಹಣ್ಣನ್ನ ಇಡಿಯಾಗಿ ಕೆಂಡದ ಮೇಲೆ ಸುಡಬೇಕು. ಸಿಪ್ಪೆ ಕರ್ರಗಾಗಬೇಕು. ಆಮೇಲೆ ಹಿಂಡಬೇಕು.”

ಅವಳು ಸೊಂಟದ ಮೇಲೆ ಕೈಯಿಟ್ಟಳು. “ನಮ್ಮಮ್ಮನ ಅಡುಗೆ ನೀವು ನಂಗೆ ಹೇಳ್ಕೊಡ್ತೀರಾ, ಉಸ್ತಾದ್?”

“ತಪ್ಪಾಯ್ತು,” ಎಂದು ಹಿಲ್ಮಿ ಬಟ್ಟಲು ಖಾಲಿ ಮಾಡಿ ಹೊರಟ.

ಮುಂದಿನ ಶುಕ್ರವಾರ ಸಂದಿಯ ಬಾಯಿಯಲ್ಲೇ ಅವನಿಗೆ ವಾಸನೆ ಬಂತು, ಸುಟ್ಟ ನಿಂಬೆ ಸಿಪ್ಪೆಯ ಕಹಿ ವಾಸನೆ. ಕಾಲು ತಾನಾಗಿ ನಿಂತಿತು. ಗಾಡಿಯ ಪಕ್ಕದಲ್ಲಿ ಹೊಸದಾಗಿ ಒಂದು ಕೆಂಡದ ಬಾಣಲೆ, ಅದರ ಮೇಲೆ ಐದಾರು ಕರಿ ನಿಂಬೆ. ಅವಳು ಅವನ ಮುಖ ನೋಡದೆ ಬಟ್ಟಲು ತುಂಬಿಸಿ ಕೊಟ್ಟಳು. ಮೊದಲ ತುತ್ತು ಬಾಯಿಗಿಟ್ಟು ಹಿಲ್ಮಿ ಸ್ವಲ್ಪ ಹೊತ್ತು ಗೋಡೆಯ ಕಡೆ ತಿರುಗಿ ನಿಂತ.

ಪಕ್ಕದಲ್ಲಿ ತಿನ್ನುತ್ತಿದ್ದ ದಪ್ಪ ಮೀಸೆಯವನು ಬೆರಳು ನೆಕ್ಕುತ್ತಾ, “ಇದೇನು ಹೊಸ ರುಚಿ? ಯಾರು ಹೇಳ್ಕೊಟ್ಟಿದ್ದು?” ಎಂದು ಕೇಳಿದ.

“ಇನ್ಯಾರು,” ಎಂದಳು ಅವಳು, ಇನ್ನೊಂದು ನಿಂಬೆಯನ್ನು ಕೆಂಡದ ಮೇಲೆ ಹೊರಳಿಸುತ್ತಾ. “ನಬವಿಯಾ.”